ಗೊತ್ತಿದ್ದ ಪ್ರಶ್ನೆಗಳನ್ನೇ ಕಳೆದುಕೊಳ್ಳುತ್ತಿದ್ದೇವೆ: ಎಸ್‌ಎಟಿ ತಯಾರಿ ಬಗ್ಗೆ ಆಡಿದ ಮಾತು

ಹನ್ನೊಂದನೇ ಕ್ಲಾಸಿನ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ ಎಸ್‌ಎಟಿ, ಅಂದರೆ ಅಮೆರಿಕದ ಕಾಲೇಜು ಸೇರಲು ಬರೆಯುವ ಪರೀಕ್ಷೆಯ ಬಗ್ಗೆ ಆಡಿದ ಮಾತಿನ ಬರಹ ಇದು. ಬರಲಾಗದ ಕೆಲವರು ಕೇಳಿದ್ದರಿಂದ ಬರೆದು ಹಾಕುತ್ತಿದ್ದೇನೆ. ಮಾತಾಡಿದ ಹಾಗೇ ಬಿಟ್ಟಿದ್ದೇನೆ, ಜಾಸ್ತಿ ತಿದ್ದಿಲ್ಲ.

ಎಲ್ಲರಿಗೂ ನಮಸ್ಕಾರ. ಒಂದು ಹುಡುಗಿಯ ವಿಷಯದಿಂದ ಶುರು ಮಾಡುತ್ತೇನೆ.

ನನ್ನ ಹತ್ತಿರ ಪಾಠಕ್ಕೆ ಬಂದಾಗ ಆ ಹುಡುಗಿ ಆಗಲೇ ಅಭ್ಯಾಸದ ಆರು ಪೂರ್ತಿ ಟೆಸ್ಟ್ ಬರೆದಿದ್ದಳು, ವಾರಕ್ಕೊಂದರಂತೆ. ಅಂಕ ಮಾತ್ರ ಇದ್ದಲ್ಲೇ ಇತ್ತು. ಓದುತ್ತಿರಲಿಲ್ಲ ಅಂತಲ್ಲ. ರಾತ್ರಿ ಹನ್ನೊಂದರವರೆಗೂ ತ್ರಿಕೋನಮಿತಿ ಮಾಡುತ್ತಾ ಕೂರುತ್ತಿದ್ದಳು, ಯಾಕಂದರೆ ತನಗೆ ಕಷ್ಟದ ಲೆಕ್ಕ ಬರುವುದಿಲ್ಲ, ಅದಕ್ಕೇ ಅಂಕ ಏರುತ್ತಿಲ್ಲ ಅಂತ ಅವಳು ಗಟ್ಟಿಯಾಗಿ ನಂಬಿಬಿಟ್ಟಿದ್ದಳು. ನಾನು ಅವಳ ಕೊನೆಯ ಟೆಸ್ಟ್ ತೆಗೆದು, ಗಣಿತದಲ್ಲಿ ತಪ್ಪಾಗಿದ್ದ ಹನ್ನೊಂದು ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ. ಗಡಿಯಾರ ಇಲ್ಲ, ಉತ್ತರ ನೋಡುವ ಹಾಗಿಲ್ಲ. ಹನ್ನೊಂದರಲ್ಲಿ ಏಳು ಸರಿ ಮಾಡಿದಳು. ಆ ಏಳನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವಳಿಗೆ ಬರುತ್ತಿದ್ದವು. ಹಾಳೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು.

ಇವತ್ತು ನಾನು ಹೇಳಬೇಕಾಗಿರುವುದು ಆ ಏಳು ಪ್ರಶ್ನೆಗಳ ಬಗ್ಗೆ. ಉಳಿದ ನಾಲ್ಕರ ಹಿಂದೆ ಎಲ್ಲರೂ ಓಡುತ್ತಾರೆ. ಪುಸ್ತಕ ತರುತ್ತಾರೆ, ವಿಡಿಯೋ ನೋಡುತ್ತಾರೆ, ಕೋಚಿಂಗ್ ಸೇರುತ್ತಾರೆ. ಏಳನ್ನು ಯಾರೂ ತಿರುಗಿ ನೋಡುವುದಿಲ್ಲ, 'ಅಯ್ಯೋ ಅದು ಸಿಲ್ಲಿ ಮಿಸ್ಟೇಕ್' ಅಂದು ಮುಂದೆ ಹೋಗುತ್ತಾರೆ. ಈ ಪರೀಕ್ಷೆ ಕಟ್ಟಿರುವ ರೀತಿ ನೋಡಿದರೆ, ಅಂಕ ಮೊದಲು ಏರಬೇಕಾದದ್ದು ಆ ಏಳರಿಂದಲೇ. ಹೇಗೆ ಅಂತ ಹೇಳುತ್ತೇನೆ.

ಎಸ್‌ಎಟಿ ಶುರುವಾದದ್ದು 1926ರಲ್ಲಿ. ಹಲವು ಸಲ ರೂಪ ಬದಲಾಗಿದೆ. ಈಗಿನದು ಪೂರ್ತಿ ಕಂಪ್ಯೂಟರಿನ ಮೇಲೆ. ಅಮೆರಿಕದ ಹೊರಗೆ 2023ರ ಮಾರ್ಚ್‌ನಿಂದ, ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ ಹೀಗಿದೆ. ಮೊದಲು ಮೂರು ಗಂಟೆ, 154 ಪ್ರಶ್ನೆ ಇತ್ತು. ಈಗ 2 ಗಂಟೆ 14 ನಿಮಿಷ, 98 ಪ್ರಶ್ನೆ. ಅದರಲ್ಲಿ 54 ಇಂಗ್ಲಿಷ್ ಓದು ಮತ್ತು ಬರವಣಿಗೆಯವು, 44 ಗಣಿತದವು. ಒಂದೊಂದು ಭಾಗವನ್ನೂ ಎರಡು ಮಾಡ್ಯೂಲ್, ಅಂದರೆ ಎರಡು ತುಂಡು ಮಾಡಿದ್ದಾರೆ. ಇಂಗ್ಲಿಷಿನಲ್ಲಿ 27 ಪ್ರಶ್ನೆಗೆ 32 ನಿಮಿಷ, ಅಂಥವು ಎರಡು. ಗಣಿತದಲ್ಲಿ 22 ಪ್ರಶ್ನೆಗೆ 35 ನಿಮಿಷ, ಅಂಥವೂ ಎರಡು. ನಡುವೆ ಹತ್ತು ನಿಮಿಷ ಬಿಡುವು. ಭಾಗಕ್ಕೆ 200ರಿಂದ 800, ಒಟ್ಟು 400ರಿಂದ 1600.

ಇದೆಲ್ಲ ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರೇ ಬಿಚ್ಚಿಟ್ಟಿರುವ ವಿಷಯ. ಆದರೆ ಇದರೊಳಗೆ ಒಂದು ಸಂಗತಿ ಇದೆ, ಅದನ್ನು ಮಕ್ಕಳು ಕೇಳಿರುತ್ತಾರೆ, ಮನಸ್ಸಿಗೆ ತೆಗೆದುಕೊಂಡಿರುವುದಿಲ್ಲ. ಮೊದಲ ಮಾಡ್ಯೂಲ್ ನೀವು ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೇ ಮಾಡ್ಯೂಲ್ ತೀರ್ಮಾನವಾಗುತ್ತದೆ. ಚೆನ್ನಾಗಿ ಮಾಡಿದವರಿಗೆ ಕಷ್ಟದ್ದು, ಇಲ್ಲದವರಿಗೆ ಸುಲಭದ್ದು. ಸುಲಭದ್ದು ಬಂತಲ್ಲ ಅಂತ ಖುಷಿಪಡುವ ಹಾಗಿಲ್ಲ, ಆ ದಾರಿಯಲ್ಲಿ ಹೋದರೆ ಮೇಲಿನ ತುದಿಯ ಅಂಕಗಳು ಕೈಗೆ ಸಿಗುವುದಿಲ್ಲ. ಎಷ್ಟು ಸರಿ ಅನ್ನುವುದರ ಜೊತೆಗೆ ಎಂಥ ಪ್ರಶ್ನೆಗಳು ಸರಿ ಅನ್ನುವುದೂ ಅಂಕ ಲೆಕ್ಕ ಹಾಕುವಾಗ ಬರುತ್ತದೆ.

ಈಗ ಯೋಚನೆ ಮಾಡಿ. ಮೊದಲ ಮಾಡ್ಯೂಲ್‌ನಲ್ಲಿ ಏನಿರುತ್ತದೆ? ಸುಲಭದ್ದು, ಮಧ್ಯಮದ್ದು, ಕಷ್ಟದ್ದು ಎಲ್ಲ ಕಲಸಿರುತ್ತದೆ. ಅಲ್ಲಿ ನೀವು ಐದಾರು ಸುಲಭದ ಪ್ರಶ್ನೆಗಳನ್ನು ಅವಸರದಲ್ಲಿ ಕಳೆದುಕೊಂಡರೆ, ನೀವು ರಾತ್ರಿಯೆಲ್ಲ ಕೂತು ಕಲಿತ ಕಷ್ಟದ ಲೆಕ್ಕಗಳು ನಿಮ್ಮ ಎದುರಿಗೆ ಬರುವುದೇ ಇಲ್ಲ. ಆ ಹುಡುಗಿಗೆ ಆಗುತ್ತಿದ್ದದ್ದು ಇದೇ. ತ್ರಿಕೋನಮಿತಿ ಕಲಿಯುತ್ತಿದ್ದಳು, ಆದರೆ ಅದನ್ನು ತೋರಿಸುವ ಜಾಗಕ್ಕೇ ತಲುಪುತ್ತಿರಲಿಲ್ಲ.

ಇನ್ನೂ ಒಂದು. ಪ್ರತಿ ಮಾಡ್ಯೂಲ್‌ನಲ್ಲಿ ಎರಡು ಪ್ರಶ್ನೆಗಳಿಗೆ ಅಂಕವೇ ಇಲ್ಲ, ಮುಂದಿನ ಪರೀಕ್ಷೆಗಳಿಗಾಗಿ ಅವನ್ನು ಪರೀಕ್ಷಿಸಿ ನೋಡುತ್ತಿರುತ್ತಾರೆ. ಯಾವ ಎರಡು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ವಿಚಿತ್ರವಾದ ಪ್ರಶ್ನೆಯೊಂದು ಕಂಡರೆ ಅದರ ಜೊತೆ ಐದು ನಿಮಿಷ ಗುದ್ದಾಡಬೇಡಿ. ಅದಕ್ಕೆ ಅಂಕವೇ ಇಲ್ಲದೆಯೂ ಇರಬಹುದು!

ಸರಿ, ಸಿಲ್ಲಿ ಮಿಸ್ಟೇಕ್ ಅನ್ನುವ ಮಾತಿಗೆ ಬರೋಣ. ನನ್ನ ಕ್ಲಾಸಿನಲ್ಲಿ ಆ ಮಾತನ್ನು ನಾನು ಬಿಡಿಸಿಬಿಟ್ಟಿದ್ದೇನೆ. ಸಿಲ್ಲಿ ಅಂದ ಕೂಡಲೇ ಅದು ಗಾಳಿಯಿಂದ ಬಂದದ್ದು, ಮುಂದಿನ ಸಲ ತಾನಾಗಿ ಹೋಗುತ್ತದೆ ಅನ್ನಿಸುತ್ತದೆ. ಹೋಗುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. 3x + 5 = 20 ಆದರೆ 6x ಎಷ್ಟು? ಇಲ್ಲಿ ಕೂತಿರುವ ಯಾರಿಗೂ ಇದು ಕಷ್ಟವಲ್ಲ. 3x ಅಂದರೆ 15, ಆದ್ದರಿಂದ 6x ಅಂದರೆ 30. ಆದರೆ ಪರೀಕ್ಷೆಯ ಕೋಣೆಯಲ್ಲಿ ಕೈ ತಾನಾಗಿ x ಕಂಡುಹಿಡಿಯಲು ಓಡುತ್ತದೆ, x = 5 ಬರುತ್ತದೆ, ಆಯ್ಕೆಗಳಲ್ಲಿ 5 ಕಣ್ಣೆದುರೇ ಇರುತ್ತದೆ, ಒತ್ತಿ ಮುಂದೆ ಹೋಗುತ್ತೀರಿ. ಆ 5 ಅಲ್ಲಿ ಸುಮ್ನೆ ಬಂದು ಕೂತಿಲ್ಲ. ಮಕ್ಕಳು ಎಲ್ಲಿ ಜಾರುತ್ತಾರೆ ಅಂತ ಗೊತ್ತಿರುವವರು ಆ ಆಯ್ಕೆಯನ್ನು ಬರೆದಿರುತ್ತಾರೆ. ತಪ್ಪು ಆಯ್ಕೆಗಳನ್ನು ಕಟ್ಟುವುದು ಪ್ರಶ್ನೆಪತ್ರಿಕೆ ಮಾಡುವವರ ಕೆಲಸದ ದೊಡ್ಡ ಭಾಗ. ಅವರು ಅಷ್ಟು ಗಮನ ಕೊಟ್ಟಿರುವ ಜಾಗಕ್ಕೆ ನಾವೂ ಗಮನ ಕೊಡಬೇಕು, ಅಲ್ವಾ?

ಇದಕ್ಕೆ ನಾನು ಹೇಳುವ ದಾರಿ ಒಂದು ನೋಟ್‌ಬುಕ್. ಎಲ್ಲರೂ ಹೇಳುತ್ತಾರೆ, ಗೊತ್ತು. ಆದರೆ ಹೆಚ್ಚಿನ ಮಕ್ಕಳು ಅದರಲ್ಲಿ ಸರಿ ಉತ್ತರವನ್ನು ಬರೆದುಕೊಳ್ಳುತ್ತಾರೆ. ಸರಿ ಉತ್ತರ ಬರೆದು ಏನು ಮಾಡುತ್ತೀರಿ? ಆ ಪ್ರಶ್ನೆ ಮತ್ತೆ ಬರುವುದಿಲ್ಲ. ನೀವು ಬರೆಯಬೇಕಾದದ್ದು ಆ ಕ್ಷಣದಲ್ಲಿ ನಿಮ್ಮ ತಲೆಯಲ್ಲಿ ಏನಾಯಿತು ಅನ್ನುವುದು. 'ಕೊನೆಯಲ್ಲಿ ಏನು ಕೇಳಿದ್ದಾರೆ ಅಂತ ಓದದೆ x ಕಂಡುಹಿಡಿದು ನಿಲ್ಲಿಸಿದೆ.' 'ಮೈನಸ್ ಚಿಹ್ನೆ ಬ್ರಾಕೆಟ್ ಒಳಗೆ ಹೋಗುವಾಗ ಬಿಟ್ಟೆ.' 'ಎರಡು ಆಯ್ಕೆ ಉಳಿದಿದ್ದವು, ದೊಡ್ಡ ಪದ ಇದ್ದದ್ದನ್ನು ಆರಿಸಿದೆ.' ಹೀಗೆ ಒಂದೊಂದು ಸಾಲು. ಆಮೇಲೆ ಅದರ ಕೆಳಗೆ, ಮುಂದಿನ ಸಲ ಕೈ ಏನು ಮಾಡಬೇಕು ಅಂತ ಇನ್ನೊಂದು ಸಾಲು. ಕೈ ಅಂತಲೇ ಹೇಳುತ್ತಿದ್ದೇನೆ. 'ಹುಷಾರಾಗಿರುತ್ತೇನೆ' ಅಂತ ಬರೆದರೆ ಪ್ರಯೋಜನ ಇಲ್ಲ. 'ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ, ಕೇಳಿದ್ದನ್ನು ಹಾಳೆಯ ಮೂಲೆಯಲ್ಲಿ ಬರೆಯುತ್ತೇನೆ' ಅಂತ ಬರೆದರೆ ಅದನ್ನು ಅಭ್ಯಾಸ ಮಾಡಬಹುದು.

ಹತ್ತಿಪ್ಪತ್ತು ಸಾಲು ಆಗುವಷ್ಟರಲ್ಲಿ ನಿಮಗೇ ಕಾಣುತ್ತದೆ. ನಲವತ್ತು ಬೇರೆ ಬೇರೆ ತಪ್ಪು ಮಾಡುವವರು ಕಡಿಮೆ. ನಾಲ್ಕೈದು ತಪ್ಪನ್ನು ನಲವತ್ತು ಸಲ ಮಾಡುತ್ತಿರುತ್ತೇವೆ. ಆ ಹುಡುಗಿಯ ಏಳರಲ್ಲಿ ನಾಲ್ಕು ಒಂದೇ ಜಾತಿಯವು, ಕೇಳಿದ್ದನ್ನು ಪೂರ್ತಿ ಓದದೆ ನಿಲ್ಲಿಸಿದ್ದು.

ಇನ್ನು, ಊಹೆ ಮಾಡಿ ಸರಿಯಾದ ಪ್ರಶ್ನೆಗಳೂ ಆ ನೋಟ್‌ಬುಕ್‌ಗೆ ಬರಬೇಕು. ಇದಕ್ಕೆ ಮಕ್ಕಳು ಒಪ್ಪುವುದಿಲ್ಲ, ಸರಿಯಾಗಿದೆಯಲ್ಲ ಮಿಸ್ ಅನ್ನುತ್ತಾರೆ. ಅದೃಷ್ಟದಿಂದ ಬಂದದ್ದು ಇನ್ನೊಂದು ದಿನ ಬರದೇ ಹೋಗಬಹುದು. ಟೆಸ್ಟ್ ಬರೆಯುವಾಗಲೇ ಅನುಮಾನ ಇದ್ದ ಪ್ರಶ್ನೆಗೆ ಗುರುತು ಹಾಕಿಕೊಂಡಿದ್ದರೆ ಆಮೇಲೆ ಹುಡುಕುವುದು ಸುಲಭ.

ನಿಜವಾಗಿ ಗೊತ್ತೇ ಇಲ್ಲದ ತಪ್ಪುಗಳು ಬೇರೆ. ಒಂದು ಬೆಲೆ ಶೇಕಡಾ 20 ಏರಿ, ಆಮೇಲೆ ಶೇಕಡಾ 20 ಇಳಿದರೆ ಮೊದಲಿನಷ್ಟೇ ಆಗುತ್ತದೆ ಅಂತ ನೀವು ನಂಬಿದ್ದರೆ ಅದು ಅವಸರದ ತಪ್ಪಲ್ಲ. 100 ಏರಿ 120 ಆಗುತ್ತದೆ, 120ರ ಶೇಕಡಾ 20 ಅಂದರೆ 24, ಕಳೆದರೆ 96. ಇದನ್ನು ಕೂತು ಕಲಿಯಬೇಕು, ಪುಸ್ತಕಕ್ಕೆ ಹೋಗಬೇಕು. ಯಾವುದನ್ನು ಕಲಿಯಬೇಕು, ಯಾವುದನ್ನು ಅಭ್ಯಾಸದಿಂದ ಸರಿಮಾಡಬೇಕು ಅಂತ ಬೇರೆ ಮಾಡಿಕೊಂಡರೆ ನಿಮ್ಮ ಅರ್ಧ ಸಮಯ ಉಳಿಯುತ್ತದೆ.

ಒಬ್ಬರು ತಾಯಿ ಇಲ್ಲಿ ಕೈ ಎತ್ತಿ ಕೇಳಿದರು: 'ಹಾಗಾದರೆ ಎಷ್ಟು ಟೆಸ್ಟ್ ಬರೆಯಬೇಕು?' ನನ್ನ ಉತ್ತರ, ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಬ್ಲೂಬುಕ್ ಅನ್ನುವ ಆ್ಯಪ್‌ನಲ್ಲೇ ನಿಜವಾದ ಪರೀಕ್ಷೆಯೂ ನಡೆಯುತ್ತದೆ, ಅಭ್ಯಾಸದ ಪೂರ್ತಿ ಟೆಸ್ಟ್‌ಗಳೂ ಅದರಲ್ಲೇ ಉಚಿತವಾಗಿ ಸಿಗುತ್ತವೆ. ಆದರೆ ಅವು ಕೆಲವೇ ಇವೆ. ಪ್ರಶ್ನೆ ಮಾಡುವವರೇ ಮಾಡಿದ ಟೆಸ್ಟ್ ಅಂದರೆ ಅವೇ. ಅವನ್ನು ಒಂದು ತಿಂಗಳಲ್ಲಿ ಬರೆದು ಮುಗಿಸಿಬಿಟ್ಟರೆ ಆಮೇಲೆ ನಿಮ್ಮನ್ನು ಅಳೆದುಕೊಳ್ಳಲು ಏನೂ ಉಳಿಯುವುದಿಲ್ಲ. ಬರೆದದ್ದನ್ನೇ ಮತ್ತೆ ಬರೆದರೆ ಅಂಕ ಜಾಸ್ತಿ ಬರುತ್ತದೆ, ನೆನಪಿನಿಂದ. ಶುರುವಿನಲ್ಲಿ ಎರಡು ಮೂರು ವಾರಕ್ಕೆ ಒಂದು ಸಾಕು. ಕೊನೆಯ ತಿಂಗಳಲ್ಲಿ ವಾರಕ್ಕೊಂದು. ಮತ್ತು ಒಂದು ಟೆಸ್ಟ್ ಬರೆದರೆ ಅದನ್ನು ಓದುವುದಕ್ಕೆ, ಅಂದರೆ ತಪ್ಪುಗಳ ಜೊತೆ ಕೂರುವುದಕ್ಕೆ, ಬರೆದದ್ದರ ಎರಡರಷ್ಟು ಹೊತ್ತು ಇಡಿ. ನಡುವಿನ ದಿನಗಳಿಗೆ ಕಾಲೇಜ್ ಬೋರ್ಡ್‌ನ ಪ್ರಶ್ನೆ ಬ್ಯಾಂಕ್ ಇದೆ. ವಿಷಯ, ಕೌಶಲ, ಕಷ್ಟದ ಮಟ್ಟ ಆರಿಸಿ ಪ್ರಶ್ನೆ ತೆಗೆಯಬಹುದು, ಬ್ಲೂಬುಕ್ ಟೆಸ್ಟ್‌ಗಳಲ್ಲಿ ಬಂದಿರುವವನ್ನು ಬಿಟ್ಟು ಹುಡುಕುವ ಆಯ್ಕೆಯೂ ಇದೆ. ಖಾನ್ ಅಕಾಡೆಮಿ ಅನ್ನುವ ಜಾಲತಾಣದಲ್ಲಿ 2015ರಿಂದ ಉಚಿತ ಪಾಠಗಳಿವೆ. ಹಣ ಖರ್ಚು ಮಾಡದೆ ತಯಾರಾಗಲು ಇಷ್ಟು ಸಾಕು ಅಂತ ನಾನು ಮನಸಾರೆ ನಂಬುತ್ತೇನೆ, ಕೋಚಿಂಗ್‌ಗೆ ಸೇರಲಾಗದ ಮಕ್ಕಳು ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ.

ತಪ್ಪಾದ ಪ್ರಶ್ನೆಯನ್ನು ಒಂದು ವಾರ ಬಿಟ್ಟು ಖಾಲಿ ಹಾಳೆಯ ಮೇಲೆ ಮತ್ತೆ ಮಾಡಿ. ಉತ್ತರದ ವಿವರಣೆ ಓದಿ 'ಹೌದು, ಅರ್ಥವಾಯಿತು' ಅಂದುಕೊಳ್ಳುವುದು ಬಹಳ ಮೋಸದ ಭಾವನೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಬರಹವನ್ನು ಮತ್ತೆ ಮತ್ತೆ ಓದಿದರು, ಇನ್ನೊಂದು ಗುಂಪಿನವರು ಓದಿ, ಮುಚ್ಚಿಟ್ಟು, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ ತಿರುಗಾ ಮುರುಗಾ, ಮುಚ್ಚಿಟ್ಟು ಬರೆದವರು ಮುಂದೆ. ನಿಮ್ಮ ಪರೀಕ್ಷೆ ಐದು ನಿಮಿಷದ ನಂತರ ಇರುವುದಿಲ್ಲ.

ಈಗ ಗಡಿಯಾರದ ವಿಷಯ. ಇಂಗ್ಲಿಷಿನಲ್ಲಿ ಪ್ರಶ್ನೆಗೆ ಸರಾಸರಿ 71 ಸೆಕೆಂಡ್ ಸಿಗುತ್ತದೆ, ಗಣಿತದಲ್ಲಿ 95. ಸರಾಸರಿಯನ್ನು ಹಿಡಿದು ಓಡಬೇಡಿ. ಕೆಲವು 25 ಸೆಕೆಂಡಿನಲ್ಲಿ ಮುಗಿಯುತ್ತವೆ, ಕೆಲವಕ್ಕೆ ಎರಡು ನಿಮಿಷ ಬೇಕು. ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ದಾರಿ ಕಂಡದ್ದನ್ನು ನಿಧಾನವಾಗಿ, ಸರಿಯಾಗಿ ಮಾಡಿ. ಓದಿ ಇಪ್ಪತ್ತು ಸೆಕೆಂಡ್ ಆದರೂ ಮೊದಲ ಹೆಜ್ಜೆ ಏನು ಅಂತ ಕಾಣದಿದ್ದರೆ, ಯಾವುದೋ ಒಂದು ಆಯ್ಕೆ ಒತ್ತಿ, ಗುರುತು ಹಾಕಿ, ಮುಂದೆ ಹೋಗಿ. ಆ್ಯಪ್‌ನಲ್ಲಿ ಗುರುತು ಹಾಕುವ ಗುಂಡಿ ಇದೆ. ಮಾಡ್ಯೂಲ್ ಒಳಗೆ ಹಿಂದೆ ಮುಂದೆ ಎಷ್ಟು ಸಲ ಬೇಕಾದರೂ ಓಡಾಡಬಹುದು. ಮಾಡ್ಯೂಲ್ ಮುಗಿದ ಮೇಲೆ ವಾಪಸ್ ಬರಲಾಗುವುದಿಲ್ಲ.

ಬಿಟ್ಟು ಹೋಗುವುದು ಕೇಳಲು ಸುಲಭ. ಓದುವ ಮಕ್ಕಳಿಗೆ ಅದು ತುಂಬಾ ಕಷ್ಟ. ಶಾಲೆಯಲ್ಲಿ ಹತ್ತು ವರ್ಷ ಅವರಿಗೆ ಹಿಡಿದ ಲೆಕ್ಕ ಬಿಡಬೇಡ ಅಂತಲೇ ಕಲಿಸಿರುತ್ತೇವೆ, ಅದು ಒಳ್ಳೆಯ ಗುಣವೂ ಹೌದು, ಆದರೆ 35 ನಿಮಿಷದ ಮಾಡ್ಯೂಲ್‌ನಲ್ಲಿ ಒಂದು ಲೆಕ್ಕದ ಮೇಲೆ ನಾಲ್ಕು ನಿಮಿಷ ಕೂತರೆ ಆ ನಾಲ್ಕು ನಿಮಿಷ ಎಲ್ಲಿಂದ ಬರುತ್ತದೆ? ಕೊನೆಯಲ್ಲಿ ಓಡೋಡಿ ಮಾಡಿದ, ನಿಮಗೆ ಬರುತ್ತಿದ್ದ ಮೂರು ಪ್ರಶ್ನೆಗಳಿಂದ. ಹಾಗಾಗಿ ಬಿಡುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಬೇಕಂತಲೇ ಕಷ್ಟದ ಪ್ರಶ್ನೆಗಳನ್ನು ಮಧ್ಯೆ ಸೇರಿಸಿಕೊಂಡು, ಎಷ್ಟು ಬೇಗ ಗುರುತಿಸಿ ಬಿಟ್ಟಿರಿ ಅಂತ ನೋಡಿಕೊಳ್ಳಿ.

ಮತ್ತು ಯಾವುದನ್ನೂ ಖಾಲಿ ಬಿಡಬೇಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲು ಕಾಲು ಅಂಕ ಕಳೆಯುತ್ತಿದ್ದರು, 2016ರಲ್ಲಿ ಅದನ್ನು ತೆಗೆದರು. ಅದಕ್ಕೂ ಮೊದಲು ಬರೆದ ಅಣ್ಣಂದಿರು ಅಕ್ಕಂದಿರು ಇವತ್ತಿಗೂ 'ಗೊತ್ತಿಲ್ಲದಿದ್ದರೆ ಬಿಡು' ಅಂತ ಪ್ರೀತಿಯಿಂದ ಹೇಳುತ್ತಾರೆ. ಅದು ಅವರ ಕಾಲದ ಪರೀಕ್ಷೆಗೆ ಸರಿ, ನಿಮ್ಮದಕ್ಕೆ ಅಲ್ಲ.

ಇಂಗ್ಲಿಷ್ ಭಾಗದ ಬಗ್ಗೆ. ಹಳೆಯ ಉದ್ದುದ್ದ ಪಾಠಗಳು ಈಗ ಇಲ್ಲ. 25ರಿಂದ 150 ಪದದ ಚಿಕ್ಕ ಬರಹ, ಅದಕ್ಕೊಂದೇ ಪ್ರಶ್ನೆ. ಪ್ರಶ್ನೆಗಳು ಬರುವ ಕ್ರಮ ಮೊದಲೇ ಗೊತ್ತು. ಪದದ ಅರ್ಥ ಮತ್ತು ಬರಹದ ರಚನೆ ಮೊದಲು, ಆಮೇಲೆ ಬರಹದಲ್ಲಿರುವ ವಿಷಯ ಮತ್ತು ಆಧಾರ, ಆಮೇಲೆ ವ್ಯಾಕರಣ ಮತ್ತು ಚಿಹ್ನೆಗಳು, ಕೊನೆಗೆ ವಾಕ್ಯಗಳನ್ನು ಜೋಡಿಸುವುದು. ಪ್ರತಿ ಗುಂಪಿನಲ್ಲೂ ಸುಲಭದಿಂದ ಕಷ್ಟಕ್ಕೆ ಹೋಗುತ್ತದೆ. ಇದರಿಂದ ಏನಾಗುತ್ತದೆ ನೋಡಿ. ಮಾಡ್ಯೂಲಿನ ನಡುವೆ ಓದಿನ ಕಷ್ಟದ ಪ್ರಶ್ನೆಗಳ ಒಂದು ಗುಡ್ಡ ಇರುತ್ತದೆ, ಅದನ್ನು ಹತ್ತಿ ಸುಸ್ತಾಗಿ ಇಳಿಯುವಷ್ಟರಲ್ಲಿ ಸಮಯ ಮುಗಿಯುತ್ತಾ ಬಂದಿರುತ್ತದೆ, ಗುಡ್ಡದ ಆಚೆಗೆ ಕಾಯುತ್ತಿರುವುದು ಸುಲಭದ ವ್ಯಾಕರಣ. ಗುಡ್ಡದಲ್ಲಿ ಸಿಕ್ಕಿಹಾಕಿಕೊಳ್ಳುವವರು ಮೊದಲು ವ್ಯಾಕರಣಕ್ಕೆ ಹಾರಿ, ಅದನ್ನು ಮುಗಿಸಿ ವಾಪಸ್ ಬರಲಿ. ಎಲ್ಲರಿಗೂ ಇದು ಹೊಂದುವುದಿಲ್ಲ. ಎರಡು ಟೆಸ್ಟ್‌ನಲ್ಲಿ ಮಾಡಿ ನೋಡಿ ತೀರ್ಮಾನಿಸಿ.

ವ್ಯಾಕರಣ ಈ ಭಾಗದ ಕಾಲುಪಾಲು, ಮತ್ತು ಅದರ ನಿಯಮಗಳು ಬೆರಳೆಣಿಕೆಯಷ್ಟು. ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾದಿಂದ ಅಂಟಿಸಬಾರದು, ಅದಕ್ಕೆ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್ ಅಥವಾ ಕಾಮಾ ಜೊತೆ ಒಂದು ಜೋಡಿಸುವ ಪದ ಬೇಕು. ಇದೊಂದೇ ನಿಯಮ ಎಷ್ಟು ವೇಷದಲ್ಲಿ ಬರುತ್ತದೆ ಅಂದರೆ ಆಶ್ಚರ್ಯವಾಗುತ್ತದೆ. ಇನ್ನೊಂದು, ಕ್ರಿಯಾಪದದ ಪಕ್ಕದಲ್ಲಿರುವ ಪದವೇ ಕರ್ತೃ ಅಂತ ನಂಬುವುದು. 'ಪತ್ರಗಳ ಪೆಟ್ಟಿಗೆ' ಅನ್ನುವುದನ್ನು ಕನ್ನಡದಲ್ಲಿ ಹೇಳಿದರೆ ಪೆಟ್ಟಿಗೆ ಕ್ರಿಯಾಪದದ ಹತ್ತಿರ ಬರುತ್ತದೆ, ಇಂಗ್ಲಿಷಿನಲ್ಲಿ ಪೆಟ್ಟಿಗೆ ಹಿಂದೆ ಉಳಿದು ಪತ್ರಗಳು ಕ್ರಿಯಾಪದದ ಪಕ್ಕ ಬಂದು ಕೂರುತ್ತವೆ. ಅಲ್ಲೇ ನಮ್ಮ ಕಣ್ಣು ಮೋಸ ಹೋಗುತ್ತದೆ, ಏಕವಚನ ಬರಬೇಕಾದ ಕಡೆ ಬಹುವಚನ ಹಾಕುತ್ತೇವೆ.

ಪದ ತುಂಬುವ ಪ್ರಶ್ನೆಗಳಿಗೆ ನನ್ನ ಒಂದು ಉಪಾಯ ಇದೆ, ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆ ಚೆನ್ನಾಗಿ ಕೆಲಸ ಮಾಡಿದೆ. ಆಯ್ಕೆಗಳನ್ನು ಕೈಯಿಂದ ಮುಚ್ಚಿ. ಬರಹ ಓದಿ, ಖಾಲಿ ಜಾಗಕ್ಕೆ ಒಂದು ಕನ್ನಡ ಪದ ಹಾಕಿ. 'ಅಲ್ಲಗಳೆದರು', 'ಒಪ್ಪಿಕೊಂಡರು', 'ಅಪರೂಪದ', ಏನು ತೋಚುತ್ತದೋ ಅದು. ಆಮೇಲೆ ಕೈ ತೆಗೆದು ಅದಕ್ಕೆ ಹತ್ತಿರದ ಇಂಗ್ಲಿಷ್ ಪದ ಹುಡುಕಿ. ಮೊದಲೇ ಆಯ್ಕೆ ನೋಡಿದರೆ ನಾಲ್ಕೂ ಪದಗಳು ಚೆನ್ನಾಗಿಯೇ ಕಾಣುತ್ತವೆ.

ಗಣಿತದಲ್ಲಿ ಬೀಜಗಣಿತ ಮತ್ತು ಮುಂದುವರಿದ ಗಣಿತ, ಅಂದರೆ ಸರಳ ಸಮೀಕರಣದಿಂದ ವರ್ಗ ಸಮೀಕರಣ, ಫಂಕ್ಷನ್‌ಗಳವರೆಗೆ, ತಲಾ ಶೇಕಡಾ 35. ರೇಖಾಗಣಿತ ಮತ್ತು ತ್ರಿಕೋನಮಿತಿ ಎರಡೂ ಸೇರಿ ಶೇಕಡಾ 15 ಅಷ್ಟೇ. ಆ ಹುಡುಗಿ ರಾತ್ರಿಗಳನ್ನು ಎಲ್ಲಿ ಸುರಿದಿದ್ದಳು ಅಂತ ನೆನಪಿಸಿಕೊಳ್ಳಿ. ಗಣಿತದ ಸುಮಾರು ಕಾಲುಭಾಗ ಪ್ರಶ್ನೆಗಳಿಗೆ ಆಯ್ಕೆ ಇರುವುದಿಲ್ಲ, ಉತ್ತರ ನೀವೇ ಟೈಪ್ ಮಾಡಬೇಕು.

ಡೆಸ್ಮಾಸ್ ಗ್ರಾಫ್ ಕ್ಯಾಲ್ಕುಲೇಟರ್ ಪರೀಕ್ಷೆಯೊಳಗೇ ಇದೆ. y = x² − 4x + 3 ಮತ್ತು y = 2x − 5 ಎಲ್ಲಿ ಸೇರುತ್ತವೆ ಅಂತ ಕೇಳಿದರೆ ಎರಡನ್ನೂ ಟೈಪ್ ಮಾಡಿ, (2, −1) ಮತ್ತು (4, 3) ಕಣ್ಣೆದುರು ಬರುತ್ತದೆ. ಅದೇ 3x + 5 = 20ಕ್ಕೂ ಗ್ರಾಫ್ ಹಾಕುವ ಮಕ್ಕಳನ್ನು ನೋಡಿದ್ದೇನೆ, ಅದು ಸಮಯ ತಿನ್ನುತ್ತದೆ. ಯಾವುದಕ್ಕೆ ಪೆನ್ಸಿಲ್, ಯಾವುದಕ್ಕೆ ಡೆಸ್ಮಾಸ್ ಅಂತ ಅಭ್ಯಾಸದಲ್ಲೇ ತೀರ್ಮಾನ ಆಗಿರಬೇಕು, ಪರೀಕ್ಷೆಯ ದಿನ ಅಲ್ಲ.

ಪರೀಕ್ಷೆಯ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಆ್ಯಪ್‌ನ ಸೆಟಪ್ ಮೊದಲೇ ಮುಗಿಸಿರಿ, ನಿದ್ದೆ ಮಾಡಿ. ನಡುವೆ ಇಂಟರ್‌ನೆಟ್ ಹೋದರೆ ಗಾಬರಿ ಬೇಡ, ಪರೀಕ್ಷೆ ಮುಂದುವರಿಯುತ್ತದೆ.

ಕೊನೆಯಲ್ಲಿ ಒಬ್ಬರು ತಂದೆ ಕೇಳಿದರು: 'ಈಗ ಕಾಲೇಜುಗಳು ಇದನ್ನು ಕೇಳುವುದೇ ಇಲ್ಲವಂತೆ, ಬರೆಯಲೇಬೇಕಾ?' ಕಾಲೇಜಿನ ಮೇಲೆ ಹೋಗುತ್ತದೆ. ಕೋವಿಡ್ ಸಮಯದಲ್ಲಿ ಬಹಳ ಕಡೆ ಕಡ್ಡಾಯ ತೆಗೆದರು. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಹಾಗೇ ಹೇಳಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಪ್ರವೇಶಕ್ಕೆ ಈ ಅಂಕವನ್ನು ನೋಡುವುದೇ ಇಲ್ಲ. ಹಾಗಾಗಿ ಮೊದಲು ನಿಮ್ಮ ಕಾಲೇಜುಗಳ ಪಟ್ಟಿ ಮಾಡಿ, ಒಂದೊಂದರ ನಿಯಮ ಅವರ ಜಾಲತಾಣದಲ್ಲೇ ಓದಿ, ಆಮೇಲೆ ಪರೀಕ್ಷೆಯ ದಿನಾಂಕ ಆರಿಸಿ.

ಎಷ್ಟು ಸಲ ಬರೆಯಬೇಕು ಅಂತ ಅವರೇ ಮುಂದುವರಿಸಿದರು. ನನ್ನ ಅಭಿಪ್ರಾಯ, ಎರಡು ಸಲ, ಹೆಚ್ಚೆಂದರೆ ಮೂರು. ಬೇರೆ ಬೇರೆ ದಿನದ ಪರೀಕ್ಷೆಗಳಿಂದ ಪ್ರತಿ ಭಾಗದ ಒಳ್ಳೆಯ ಅಂಕವನ್ನು ತೆಗೆದುಕೊಳ್ಳುವ ಕಾಲೇಜುಗಳು ತುಂಬಾ ಇವೆ, ಆದ್ದರಿಂದ ಎರಡನೇ ಸಲ ಬರೆಯುವುದು ವ್ಯರ್ಥವಲ್ಲ. ಆದರೆ ಎರಡರ ನಡುವೆ ನೋಟ್‌ಬುಕ್‌ನಲ್ಲಿ ಹೊಸದೇನೂ ಸೇರಿಲ್ಲ ಅಂದರೆ ಅಂಕ ಹತ್ತಿಪ್ಪತ್ತು ಆಚೀಚೆ ಆಗಬಹುದು, ಅಷ್ಟೇ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: 'ಆ ಅಕ್ಕ ಕೊನೆಗೂ ತ್ರಿಕೋನಮಿತಿ ಕಲಿತರಾ?' ಕಲಿತರು. ಮೊದಲ ಪರೀಕ್ಷೆ ಬರೆದ ಮೇಲೆ, ಎರಡನೆಯದಕ್ಕೆ ಮುಂಚೆ. ಅಷ್ಟರಲ್ಲಿ ಆ ಏಳು ಪ್ರಶ್ನೆಗಳು ಕಡಿಮೆಯಾಗುತ್ತಾ ಬಂದಿದ್ದವು, ಉಳಿದ ನಾಲ್ಕಕ್ಕೆ ಕೂರಲು ಅವಳ ಸಂಜೆಗಳು ಖಾಲಿ ಇದ್ದವು. ಎರಡನೇ ಪರೀಕ್ಷೆ ಮುಗಿಸಿ ಬಂದು ಅವಳು ನನಗೆ ಹೇಳಿದ ಮೊದಲ ಮಾತು ಅಂಕದ ಬಗ್ಗೆ ಅಲ್ಲ, ಅಂಕ ಇನ್ನೂ ಬಂದಿರಲಿಲ್ಲ. 'ಮಿಸ್, ಗಣಿತದ ಎರಡನೇ ಮಾಡ್ಯೂಲ್ ತುಂಬಾ ಕಷ್ಟ ಇತ್ತು' ಅಂದಳು. ನನಗೆ ಅದನ್ನು ಕೇಳಿ ಎಷ್ಟು ಸಂತೋಷವಾಯಿತು ಅಂತ ಈಗ ನಿಮಗೂ ಗೊತ್ತಾಗಿರಬೇಕು.